13ಬಿ ರೋಟರಿಗೆ ಎರಡನೇ ಕ್ರ್ಯಾಂಕ್ ಸೆನ್ಸರ್: ಕೂರಿಸಿದ್ದು, ಟೈಮಿಂಗ್ ಹೊಂದಿಸಿದ್ದು

ನನ್ನ ವಿಮಾನದ ಮೂತಿಯಲ್ಲಿರುವುದು ಮಾಜ್ದಾ 13ಬಿ ರೋಟರಿ ಎಂಜಿನ್, ಅಂದರೆ ಪಿಸ್ಟನ್ ಬದಲು ಮೂರು ಮುಖದ ರೋಟರ್ ತಿರುಗುವ ಎಂಜಿನ್. ಇಂಧನ ಚಿಮ್ಮಿಸಿ, ಹೊತ್ತಿಗೆ ಸರಿಯಾಗಿ ಕಿಡಿ ಕೊಡುವ ಕಂಪ್ಯೂಟರ್ ಎರಡಿವೆ. ಒಂದು ಎ, ಇನ್ನೊಂದು ಬಿ. ಎ ಕೈಕೊಟ್ಟರೆ ಪ್ಯಾನೆಲ್ ಮೇಲಿನ ಸ್ವಿಚ್ ತಳ್ಳಿದರೆ ಸಾಕು, ಬಿ ಕೆಲಸಕ್ಕೆ ಇಳಿಯುತ್ತದೆ. ಆದರೆ ಶಾಫ್ಟ್ ಈ ಕ್ಷಣ ಎಲ್ಲಿದೆ ಅಂತ ಹೇಳುವ ಕ್ರ್ಯಾಂಕ್ ಸೆನ್ಸರ್ ಮಾತ್ರ ಒಂದೇ ಇತ್ತು. ಅದರ ವೈರ್ ಕಡಿದರೆ ಎರಡೂ ಕಂಪ್ಯೂಟರ್‌ಗೆ ಏನೂ ಗೊತ್ತಾಗುವುದಿಲ್ಲ. ಕಿಡಿ ನಿಲ್ಲುತ್ತದೆ, ಇಂಜೆಕ್ಟರ್ ನಿಲ್ಲುತ್ತದೆ, ಎಂಜಿನ್ ನಿಲ್ಲುತ್ತದೆ. ಹಾಗಾದರೆ ಎರಡು ಕಂಪ್ಯೂಟರ್ ಇಟ್ಟು ಏನು ಬಂತು, ಅಲ್ವಾ?

ಅದಕ್ಕೇ ಬಿ ಕಂಪ್ಯೂಟರ್‌ಗೆ ಅದರದ್ದೇ ಒಂದು ಸೆನ್ಸರ್ ಹಾಕಿದೆ. ಸೆನ್ಸರ್ ಕೂರಿಸುವುದು ಸುಲಭದ ಭಾಗ. ಎರಡೂ ಸೆನ್ಸರ್‌ಗಳಿಂದ ಒಂದೇ ಟೈಮಿಂಗ್ (ಶಾಫ್ಟ್ ಯಾವ ಕೋನದಲ್ಲಿದ್ದಾಗ ಕಿಡಿ ಬರಬೇಕು ಅನ್ನುವುದು) ಬರುವಂತೆ ಮಾಡುವುದೇ ನಿಜವಾದ ಕೆಲಸ. ಟೈಮಿಂಗ್ ತಪ್ಪಿದ ಬ್ಯಾಕಪ್‌ಗಿಂತ ಬ್ಯಾಕಪ್ ಇಲ್ಲದಿರುವುದೇ ವಾಸಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಯಾಕೆಂದರೆ ಪೈಲಟ್ ಆ ಸ್ವಿಚ್‌ಗೆ ಕೈ ಹಾಕುವುದು ಏನೋ ಕೆಟ್ಟಾಗ. ಟೇಕಾಫ್ ಆಗಿ ನೆಲ ಇನ್ನೂ ಹತ್ತಿರದಲ್ಲೇ ಇರಬಹುದು, ಥ್ರಾಟಲ್ ಪೂರ್ತಿ ತೆರೆದಿರಬಹುದು. ಆಗ ಕಿಡಿ 10 ಡಿಗ್ರಿ ಮೊದಲೇ ಬಂದರೆ ಚೆನ್ನಾಗಿದ್ದ ಎಂಜಿನ್ನೂ ಹಾಳಾಗುತ್ತದೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮದಂತೆ, ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ ವಿಮಾನಕ್ಕೆ ಎಕ್ಸ್‌ಪೆರಿಮೆಂಟಲ್ ಪ್ರಮಾಣಪತ್ರ ಸಿಗುತ್ತದೆ. ಕಾರಿನ ಎಂಜಿನ್ ಹಾಕಲೂಬಹುದು. ಜವಾಬ್ದಾರಿ ಮಾತ್ರ ಕಟ್ಟಿದವರದ್ದೇ. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಕೂರುತ್ತಾಳೆ. ಆದ್ದರಿಂದ ಈ ಒಂದು ವೈರಿನ ವಿಷಯ ನನ್ನನ್ನು ಬಹಳ ಕಾಡುತ್ತಿತ್ತು.

ಲೈಕಮಿಂಗ್, ಕಾಂಟಿನೆಂಟಲ್‌ನಂಥ ಹಳೇ ವಿಮಾನ ಎಂಜಿನ್‌ಗಳಲ್ಲಿ ಈ ಚಿಂತೆ ಕಡಿಮೆ. ಎರಡು ಮ್ಯಾಗ್ನೆಟೊ ಇರುತ್ತವೆ. ತಮ್ಮ ಕರೆಂಟ್ ತಾವೇ ಹುಟ್ಟಿಸಿಕೊಳ್ಳುತ್ತವೆ, ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಟೈಮಿಂಗ್ ಕೂಡ ಸಾಮಾನ್ಯವಾಗಿ 20 ಅಥವಾ 25 ಡಿಗ್ರಿಗೆ ಕೂರಿಸಿ ಬಿಗಿ ಮಾಡಿದರೆ ಮುಗಿಯಿತು. ರೋಟರಿಯಲ್ಲಿ ಹಾಗಲ್ಲ. ಇಲ್ಲಿ ಎಲ್ಲವೂ ಕರೆಂಟಿನ ಮೇಲೆ, ಎಲ್ಲವೂ ಸೆನ್ಸರ್ ಮೇಲೆ.

ರೋಟರಿಯ ಟೈಮಿಂಗ್ ಬಗ್ಗೆ ಸ್ವಲ್ಪ ಹೇಳಲೇಬೇಕು. 13ಬಿಯಲ್ಲಿ ಎರಡು ರೋಟರ್, ಒಂದೊಂದರ ಕೋಣೆ 654 ಸಿಸಿ, ಒಟ್ಟು 1308 ಸಿಸಿ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್‌ನ ಮುಖ್ಯ ಶಾಫ್ಟ್, ಅಂದರೆ ಎಕ್ಸೆಂಟ್ರಿಕ್ ಶಾಫ್ಟ್, ಮೂರು ಸುತ್ತು ಬರುತ್ತದೆ. ರೋಟರ್‌ಗೆ ಮೂರು ಮುಖ. ಹೀಗಾಗಿ ಶಾಫ್ಟಿನ ಪ್ರತಿ ಸುತ್ತಿಗೂ ಒಂದೊಂದು ರೋಟರ್ ಒಂದೊಂದು ಸಲ ಉರಿಯುತ್ತದೆ. ಉರಿಯುವ ಜಾಗ ಉದ್ದವಾಗಿ, ತೆಳ್ಳಗೆ ಇರುತ್ತದೆ. ಅದು ನಿಂತಲ್ಲಿ ನಿಲ್ಲದೆ ಗೋಡೆಯುದ್ದಕ್ಕೂ ಜಾರುತ್ತಲೂ ಇರುತ್ತದೆ. ಬೆಂಕಿ ಮುಂದಕ್ಕೆ ಬೇಗ ಹಬ್ಬುತ್ತದೆ, ಹಿಂದಕ್ಕೆ ಹಬ್ಬಲು ಒದ್ದಾಡುತ್ತದೆ. ಅದಕ್ಕೇ ಒಂದು ರೋಟರ್‌ಗೆ ಎರಡು ಪ್ಲಗ್. ಮುಂದಿನದು ಲೀಡಿಂಗ್, ಹಿಂದಿನದು ಟ್ರೇಲಿಂಗ್. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಾಜ್ದಾ 787ಬಿ ಕಾರಿನಲ್ಲಿ ಒಂದು ರೋಟರ್‌ಗೆ ಮೂರು ಪ್ಲಗ್ ಇದ್ದವು.

ಟ್ರೇಲಿಂಗ್ ಪ್ಲಗ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಪ್ಲಗ್ ಕೂರುವ ಬಾವಿ ದೊಡ್ಡದು, ಆದರೆ ಕೋಣೆಯೊಳಕ್ಕೆ ತೆರೆಯುವ ತೂತು ಮಾತ್ರ ತೀರಾ ಸಣ್ಣದು. ರೋಟರ್ ತುದಿಯ ಅಪೆಕ್ಸ್ ಸೀಲ್ ಆ ತೂತು ದಾಟುವಾಗ ಅದರ ಎರಡೂ ಬದಿಯ ಒತ್ತಡದಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ. ತೂತು ದೊಡ್ಡದಾದರೆ ಒಂದು ಕೋಣೆಯ ಗಾಳಿ ಇನ್ನೊಂದಕ್ಕೆ ನುಗ್ಗುತ್ತದೆ. ಇಂಥ ಜಾಗ ನೋಡಿದಾಗಲೆಲ್ಲ ಈ ಎಂಜಿನ್ ಮಾಡಿದವರ ಮೇಲೆ ಗೌರವ ಹೆಚ್ಚಾಗುತ್ತದೆ.

ಆರ್‌ಎಕ್ಸ್-7 ಕಾರಿನ ಎಂಜಿನ್ ಐಡಲ್‌ನಲ್ಲಿ ಇರುವಾಗ ಲೀಡಿಂಗ್ ಕಿಡಿ ಬರುವುದು ಟಿಡಿಸಿ (ಕೋಣೆ ಅತಿ ಚಿಕ್ಕದಾಗುವ ಕ್ಷಣ) ದಾಟಿ 5 ಡಿಗ್ರಿಗೆ, ಟ್ರೇಲಿಂಗ್ 20 ಡಿಗ್ರಿಗೆ. ಪಿಸ್ಟನ್ ಎಂಜಿನ್ ನೋಡಿ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಜೋರಾಗಿ ಓಡುವಾಗ ಮಾತ್ರ ಕಿಡಿ ಟಿಡಿಸಿಗಿಂತ ಮುಂಚೆ ಬರಬೇಕು. ನನ್ನ ಮ್ಯಾಪ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿರುವ ಟೈಮಿಂಗ್ ಪಟ್ಟಿಯಲ್ಲಿ, ಕ್ರೂಸ್ ಮಾಡುವಾಗ ಲೀಡಿಂಗ್ 22 ಡಿಗ್ರಿ ಮುಂಚೆ, ಟ್ರೇಲಿಂಗ್ ಅದಾದ 10 ಡಿಗ್ರಿಗೆ.

ಟೈಮಿಂಗ್ ಸ್ವಲ್ಪ ಹಿಂದೆ ಬಿದ್ದರೆ ರೋಟರಿ ಸಹಿಸಿಕೊಳ್ಳುತ್ತದೆ. ಇಲ್ಲಿ ಪವರ್ ಸ್ಟ್ರೋಕ್ ಶಾಫ್ಟಿನ 270 ಡಿಗ್ರಿಯಷ್ಟು ಉದ್ದ, ಪಿಸ್ಟನ್ ಎಂಜಿನ್‌ನಲ್ಲಿ 180. ಹಾಗಾಗಿ ಎರಡು ಮೂರು ಡಿಗ್ರಿ ಹಿಂದಾದರೆ ಶಕ್ತಿ ಅಷ್ಟೇನೂ ಕುಗ್ಗುವುದಿಲ್ಲ. ಎಕ್ಸಾಸ್ಟ್ ಬಿಸಿ ಏರುತ್ತದೆ, ಅದನ್ನು ಗೇಜ್‌ನಲ್ಲಿ ನೋಡಬಹುದು. ಮುಂದೆ ಹೋದರೆ ಕಥೆ ಬೇರೆ. ಡೆಟೊನೇಷನ್ (ಇಂಧನ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು) ಶುರುವಾದರೆ ಪೆಟ್ಟು ಬೀಳುವುದು ಅಪೆಕ್ಸ್ ಸೀಲ್‌ಗೆ. ಅದರ ದಪ್ಪ ಬರೀ 2 ಮಿ.ಮೀ. ಮುರಿದರೆ ಆ ರೋಟರ್‌ನಲ್ಲಿ ಕಂಪ್ರೆಷನ್ ಹೋಯಿತು. ಒಂದು ರೋಟರ್ ಮೇಲೆ ಕುಂಟುತ್ತಾ ಬಂದು ಇಳಿದವರಿದ್ದಾರೆ, ಆದರೆ ಅದನ್ನು ನಂಬಿ ಹಾರುವ ಹಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಕಾಗದದ ಮೇಲೆ ಒಂದೇ ಪ್ರಶ್ನೆ ಬರೆದುಕೊಂಡೆ: ಯಾವ ಒಂದು ಘಟನೆ ಎರಡೂ ಸೆನ್ಸರ್‌ಗಳನ್ನು ಒಟ್ಟಿಗೆ ಕೊಲ್ಲಬಹುದು? ಉತ್ತರ ಬರೆಯುತ್ತಾ ಹೋದಂತೆ ವಿನ್ಯಾಸ ತಾನಾಗಿ ಮೂಡಿತು.

ಒಂದೇ ಬ್ರಾಕೆಟ್ ಮೇಲೆ ಎರಡೂ ಇದ್ದರೆ ಬ್ರಾಕೆಟ್ ಬಿರುಕು ಬಿಟ್ಟಾಗ ಎರಡೂ ಹೋಗುತ್ತವೆ. ಹಾಗಾಗಿ ಬೇರೆ ಬ್ರಾಕೆಟ್, ಬೇರೆ ಬೋಲ್ಟು. ಒಂದೇ ಫ್ಯೂಸ್ ಆಗದು. ಬಿ ಸೆನ್ಸರ್‌ಗೆ ಕರೆಂಟ್ ಬಿ ಕಂಪ್ಯೂಟರ್‌ನಿಂದಲೇ, ಅದಕ್ಕೆ ಬ್ಯಾಟರಿಯಿಂದ ನೇರ ಲೈನು, ಅದರದ್ದೇ ಫ್ಯೂಸ್. ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆ, ಫೈರ್‌ವಾಲ್, ದಾಟುವ ತೂತೂ ಬೇರೆ. ಆಮೇಲೆ ಬೆಲ್ಟ್. ಆಲ್ಟರ್ನೇಟರ್ ಬೆಲ್ಟ್ ಹರಿದರೆ ಅದರ ತುಂಡು ಚಾವಟಿಯಂತೆ ಬೀಸುತ್ತದೆ. ಎ ಸೆನ್ಸರ್ ವೈರ್ ಬೆಲ್ಟ್ ಇರುವ ಬದಿಯಲ್ಲೇ ಇದೆ, ಅದನ್ನು ಬದಲಿಸಲು ಜಾಗವಿಲ್ಲ. ಹಾಗಾಗಿ ಬಿ ಎದುರು ಬದಿಗೆ ಹೋಯಿತು. ನಡುವೆ ಒಂದು ಅಲ್ಯುಮಿನಿಯಂ ತಗಡು ಅಡ್ಡ ನಿಲ್ಲಿಸಿದೆ.

ಸೆನ್ಸರ್ ಜಾತಿಯೂ ಬೇರೆ ಇರಲಿ ಅಂದುಕೊಂಡೆ. ಎ ಸೆನ್ಸರ್ ವಿಆರ್ ಬಗೆಯದು. ಒಳಗೆ ಒಂದು ಮ್ಯಾಗ್ನೆಟ್, ಒಂದು ಕಾಯಿಲ್, ಎರಡು ವೈರ್. ಉಕ್ಕಿನ ಹಲ್ಲು ಮುಂದೆ ಹಾದಾಗ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಗಟ್ಟಿ ಸಾಮಾನು. ಆದರೆ ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ಅದರ ಸಿಗ್ನಲ್ ಬಡವಾಗುತ್ತದೆ. ಬಿ ಸೆನ್ಸರ್ ಹಾಲ್ ಬಗೆಯದು. ಮೂರು ವೈರ್, 5 ವೋಲ್ಟ್ ಕೊಡಬೇಕು. ವೇಗ ಎಷ್ಟಿದ್ದರೂ ಸಿಗ್ನಲ್ ಗಾತ್ರ ಒಂದೇ. ಹಾಲ್‌ಗೆ ಬಿಸಿ ಮತ್ತು ಕರೆಂಟಿನ ಭಯ, ವಿಆರ್‌ಗೆ ನಾಯ್ಸ್ (ಬೇರೆ ವೈರ್‌ಗಳಿಂದ ನುಸುಳುವ ಅಡ್ಡ ಸಿಗ್ನಲ್) ಮತ್ತು ಹಲ್ಲಿಗೂ ಸೆನ್ಸರ್‌ಗೂ ನಡುವಿನ ಸಂದಿನ ಭಯ. ಒಂದನ್ನು ಕೆಡಿಸುವ ಕಾರಣ ಇನ್ನೊಂದನ್ನು ಅಷ್ಟು ಸುಲಭವಾಗಿ ಕೆಡಿಸುವುದಿಲ್ಲ.

ಹಲ್ಲಿನ ಚಕ್ರ ಮಾತ್ರ ಒಂದೇ. ಉಕ್ಕಿನ ಚಕ್ರ, ಸುತ್ತಳತೆಯಲ್ಲಿ 36 ಹಲ್ಲಿಗೆ ಜಾಗ, ಅದರಲ್ಲಿ ಒಂದು ಹಲ್ಲು ಬೇಕೆಂದೇ ಇಲ್ಲ. ಆ ಖಾಲಿ ಜಾಗದಿಂದಲೇ ಕಂಪ್ಯೂಟರ್ ಎಣಿಕೆ ಶುರು ಮಾಡುವುದು. ಅದು ಶಾಫ್ಟಿನ ಮುಂದಿನ ಪುಲ್ಲಿಗೆ ಬೋಲ್ಟಾಗಿ, ಜಾರದಂತೆ ಪಿನ್ ಹೊಡೆದಿದೆ. ಅದೇ ಕಿತ್ತು ಹೋಗುವ ಪರಿಸ್ಥಿತಿ ಬಂದರೆ ಆಗಲೇ ಬೇರೆ ಏನೇನೋ ಕಿತ್ತಿರುತ್ತದೆ. ಆ ಅಪಾಯವನ್ನು ನಾನು ಒಪ್ಪಿಕೊಂಡೆ.

ಈ ಪುಲ್ಲಿ ಎಲ್ಲಿದೆ ಅನ್ನುವುದು ಮುಖ್ಯ. ಪ್ರೊಪೆಲರ್ ತಿರುಗಿಸುವ ಗೇರ್‌ಬಾಕ್ಸ್ ಫ್ಲೈವೀಲ್ ಇರುವ ತುದಿಗೆ ಕೂರುತ್ತದೆ. ಅಂದರೆ ಕಾರಿನಲ್ಲಿ ಹಿಂದೆ ಇದ್ದ ತುದಿ ವಿಮಾನದಲ್ಲಿ ಮುಂದೆ. ಪುಲ್ಲಿ, ಬೆಲ್ಟು, ಸೆನ್ಸರು ಎಲ್ಲ ಫೈರ್‌ವಾಲ್ ಕಡೆ ಮುಖ ಮಾಡಿವೆ. ಕೈ ತೂರಿಸಲು ಇಕ್ಕಟ್ಟು. ಆದರೆ ಎಂಜಿನ್ ಓಡುವಾಗ ಟೈಮಿಂಗ್ ನೋಡಲು ಪ್ರೊಪೆಲರ್ ಹತ್ತಿರ ಹೋಗಬೇಕಿಲ್ಲ. ಇದು ದೊಡ್ಡ ಅನುಕೂಲ.

ಬ್ರಾಕೆಟ್‌ಗೆ 6061 ಅಲ್ಯುಮಿನಿಯಂನ 6 ಮಿ.ಮೀ. ಪ್ಲೇಟ್ ತಗೊಂಡೆ. ತೆಳ್ಳಗಿನ ತಗಡು ಬಗ್ಗಿಸಿ ಮಾಡಿದ ಬ್ರಾಕೆಟ್‌ಗಳನ್ನು ನೋಡಿದ್ದೇನೆ, ನನಗೆ ಅವು ಇಷ್ಟವಿಲ್ಲ. 6000 ಆರ್‌ಪಿಎಂನಲ್ಲಿ ಎರಡು ರೋಟರ್ ಸೇರಿ ಸೆಕೆಂಡಿಗೆ 200 ಸಲ ಉರಿಯುತ್ತವೆ. ಬ್ರಾಕೆಟ್ ಆ ಲಯಕ್ಕೆ ಅದುರಿದರೆ ಸಂದು ಕ್ಷಣಕ್ಷಣಕ್ಕೂ ಹಿಗ್ಗಿ ಕುಗ್ಗುತ್ತದೆ, ಸಿಗ್ನಲ್ ಮೇಲೆ ಅದರ ನೆರಳು ಬೀಳುತ್ತದೆ. ಬ್ರಾಕೆಟ್ ಗಿಡ್ಡ ಇರಬೇಕು, ದಪ್ಪ ಇರಬೇಕು.

ಇಲ್ಲಿ ಒಂದು ವಿಷಯದ ಮೇಲೆ ನಿಲ್ಲುತ್ತೇನೆ. ಸೆನ್ಸರ್ ಹೊಂದಿಸಲು ಬ್ರಾಕೆಟ್‌ನಲ್ಲಿ ಉದ್ದ ತೂತು ಬೇಕು. ಅದು ಯಾವ ದಿಕ್ಕಿಗೆ ಉದ್ದ ಇರಬೇಕು? ಚಕ್ರದ ವ್ಯಾಸ 165 ಮಿ.ಮೀ. ಸುತ್ತಳತೆ 518 ಮಿ.ಮೀ. ಹತ್ತಿರ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 1.44 ಮಿ.ಮೀ. ಸೆನ್ಸರ್ ಸುತ್ತಿನ ದಿಕ್ಕಿನಲ್ಲಿ 1 ಮಿ.ಮೀ. ಜಾರಿದರೆ ಟೈಮಿಂಗ್ 0.7 ಡಿಗ್ರಿ ಬದಲಾಗುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನಲ್ಲಿ ಪಾಯಿಂಟ್ ಪ್ಲೇಟ್ ಚೂರು ತಿರುಗಿಸಿ ಟೈಮಿಂಗ್ ಹೊಂದಿಸುತ್ತಿದ್ದರಲ್ಲ, ಇಲ್ಲೂ ಅದೇ ನಡೆಯುತ್ತದೆ. ಆದರೆ ಇಲ್ಲಿ ಆ ಸ್ವಾತಂತ್ರ್ಯ ನಮಗೆ ಬೇಡ. ಹಾಗಾಗಿ ಉದ್ದ ತೂತು ಚಕ್ರದ ನಡುಮಧ್ಯದ ಕಡೆಗೇ ಇರಬೇಕು. ಆಗ ಸಂದು ಮಾತ್ರ ಬದಲಾಗುತ್ತದೆ, ಟೈಮಿಂಗ್ ಹಾಗೇ ಇರುತ್ತದೆ. ಉಳಿದ ಹೊಂದಾಣಿಕೆ ಸಾಫ್ಟ್‌ವೇರ್‌ನಲ್ಲಿ ಮಾಡಬೇಕು. ಅಲ್ಲಿ ಬರೆದ ಅಂಕಿ ಅದುರುವುದಿಲ್ಲ.

ಬಿ ಸೆನ್ಸರ್ ಎ ಸೆನ್ಸರ್‌ನಿಂದ 90 ಡಿಗ್ರಿ ದೂರ ಕೂತಿತು, ಅಂದರೆ ಸರಿಯಾಗಿ 9 ಹಲ್ಲು. ಪ್ಲೇಟ್ ಗರಗಸದಲ್ಲಿ ಕತ್ತರಿಸಿ, ಅಂಚುಗಳನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿದೆ. ಬಿರುಕು ಶುರುವಾಗುವುದೇ ಚೂಪು ಮೂಲೆಯಿಂದ, ಹಾಗಾಗಿ ಒಳಮೂಲೆಗಳೆಲ್ಲ ಗುಂಡಗೆ. ಸಂದು 1 ಮಿ.ಮೀ. ಇಟ್ಟೆ. ಅಳೆಯಲು ಹಿತ್ತಾಳೆಯ ಫೀಲರ್ ಗೇಜ್ ಬೇಕು. ಉಕ್ಕಿನದಾದರೆ ಸೆನ್ಸರ್ ಒಳಗಿನ ಮ್ಯಾಗ್ನೆಟ್‌ಗೆ ಅಂಟಿ ಕೈಗೆ ಸುಳ್ಳು ಹೇಳುತ್ತದೆ. ಡಯಲ್ ಗೇಜ್ ಹಿಡಿದು ಚಕ್ರ ಕೈಯಲ್ಲಿ ತಿರುಗಿಸಿ ನೋಡಿದೆ, ಓಲಾಟ 0.1 ಮಿ.ಮೀ. ಒಳಗೇ ಇತ್ತು. ಕೊನೆಗೆ ಎರಡೂ ಸೆನ್ಸರ್‌ಗಳ ಮೂತಿ ಒರೆಸಿದೆ. ಕೊರೆದಾಗ ಬಿದ್ದ ಉಕ್ಕಿನ ಪುಡಿ ಮ್ಯಾಗ್ನೆಟ್ ಮೇಲೆ ಗಡ್ಡದಂತೆ ಬೆಳೆದಿರುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೀಲ್ಡ್ ಇರುವ ಟೆಫ್ಜೆಲ್ ವೈರ್, ಶೀಲ್ಡ್ ಅರ್ತ್ ಆಗುವುದು ಕಂಪ್ಯೂಟರ್ ತುದಿಯಲ್ಲಿ ಮಾತ್ರ. ಸೆನ್ಸರ್‌ನ ಗ್ರೌಂಡ್ ಕೂಡ ಕಂಪ್ಯೂಟರ್‌ಗೇ ಹೋಗಬೇಕು, ಎಂಜಿನ್ ಬ್ಲಾಕ್‌ಗೆ ಅಲ್ಲ. ಬ್ಲಾಕ್‌ನಲ್ಲಿ ನಾಲ್ಕು ಕಾಯಿಲ್‌ಗಳ ಕರೆಂಟ್ ಹರಿಯುತ್ತಿರುತ್ತದೆ, ಅದರ ಏರಿಳಿತ ಸೆನ್ಸರ್‌ಗೆ ಕೇಳಿಸಬಾರದು. ಎ ಕನೆಕ್ಟರ್‌ನ ಸೆನ್ಸರ್ ಬದಿಗೆ ಗಂಡು ಪಿನ್, ಬಿ ಕನೆಕ್ಟರ್‌ಗೆ ಹೆಣ್ಣು ಪಿನ್ ಹಾಕಿದೆ. ಮುಂದೆ ಯಾವಾಗಲೋ ಟಾರ್ಚ್ ಬೆಳಕಲ್ಲಿ ಜೋಡಿಸುವಾಗ ಅದಲುಬದಲು ಆಗುವ ಮಾತೇ ಇಲ್ಲ. ಬೋಲ್ಟುಗಳಿಗೆ ಲಾಕ್‌ವೈರ್ ಸುತ್ತಿ, ಜಾರಿದರೆ ಕಾಣುವಂತೆ ಬಣ್ಣದ ಗೆರೆ ಎಳೆದೆ.

ಎಂಜಿನ್‌ಗೆ ಹಾಕುವ ಮೊದಲೇ ಬೆಂಚ್ ಮೇಲೆ ಪರೀಕ್ಷೆ ಮಾಡಿದ್ದೆ. ಇನ್ನೊಂದು ಅಂಥದ್ದೇ ಚಕ್ರವನ್ನು ಡ್ರಿಲ್ ಮಿಷನ್‌ಗೆ ಸಿಕ್ಕಿಸಿ, ಎರಡೂ ಸೆನ್ಸರ್ ಎದುರು ಹಿಡಿದು, ಆಸಿಲೊಸ್ಕೋಪ್‌ನಲ್ಲಿ ನೋಡಿದೆ. ವಿಆರ್‌ನ ಅಲೆ ಹಲ್ಲಿನ ಸರಿಮಧ್ಯದಲ್ಲಿ ಸೊನ್ನೆ ದಾಟುತ್ತದೆ. ಹಾಲ್ ಹಾಗಲ್ಲ. ಹಲ್ಲಿನ ಅಂಚು ಬಂದಾಗ ಕೆಳಗಿಳಿಯುತ್ತದೆ, ಇನ್ನೊಂದು ಅಂಚು ಹೋದಾಗ ಮೇಲೇರುತ್ತದೆ. ಒಂದು ಹಲ್ಲು 5 ಡಿಗ್ರಿ ಅಗಲ. ಅಂದರೆ ಸೆನ್ಸರ್ ಎಷ್ಟೇ ಕರಾರುವಾಕ್ಕಾಗಿ 90 ಡಿಗ್ರಿಗೆ ಕೂತಿದ್ದರೂ, ಎರಡೂ ಹೇಳುವ ಜಾಗದಲ್ಲಿ ಎರಡೂವರೆ ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ಡ್ರಾಯಿಂಗ್ ನೋಡಿ ಬಿ ಕಂಪ್ಯೂಟರ್‌ನ ಆಫ್‌ಸೆಟ್‌ಗೆ (ಖಾಲಿ ಹಲ್ಲಿನಿಂದ ಟಿಡಿಸಿಗೆ ಎಷ್ಟು ಡಿಗ್ರಿ ಅನ್ನುವ ಅಂಕಿಗೆ) ಸುಮ್ನೆ 90 ಕೂಡಿಸಿ ಹಾರಿದರೆ ಇದು ತಿಳಿಯುವುದೇ ಇಲ್ಲ. ತೀರ್ಪು ಕೊಡಬೇಕಾದ್ದು ಟೈಮಿಂಗ್ ಲೈಟ್, ಅಂದರೆ ಪ್ರತಿ ಕಿಡಿಗೂ ಮಿನುಗಿ, ತಿರುಗುವ ಗುರುತು ನಿಂತಂತೆ ಕಾಣಿಸುವ ದೀಪ.

ಟೈಮಿಂಗ್ ಲೈಟ್‌ಗೆ ಗುರುತು ಬೇಕು. ಆರ್‌ಎಕ್ಸ್-7 ಪುಲ್ಲಿಯ ಮೇಲೆ ಹಳದಿ ಗುರುತು ಟಿಡಿಸಿ ದಾಟಿ 5 ಡಿಗ್ರಿಗೆ, ಕೆಂಪು ಗುರುತು 20 ಡಿಗ್ರಿಗೆ. ಕಾರಿನ ಐಡಲ್‌ಗೆ ಅದು ಸರಿ. ನನಗೆ ಬೇಕಿದ್ದದ್ದು ಟಿಡಿಸಿಗೆ 20 ಡಿಗ್ರಿ ಮುಂಚಿನ ಗುರುತು. 5 ಡಿಗ್ರಿ ಹಿಂದಿಟ್ಟು 4500 ಆರ್‌ಪಿಎಂ ಓಡಿಸಿದರೆ ಎಕ್ಸಾಸ್ಟ್ ಕೆಂಪಗಾಗುತ್ತದೆ. ಹಲ್ಲಿನ ಚಕ್ರವೇ ಇಲ್ಲಿ ಅಳತೆಪಟ್ಟಿ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. ಹಳದಿ ಗುರುತಿನಿಂದ ತಿರುಗುವ ದಿಕ್ಕಿಗೆ ಎರಡೂವರೆ ಹಲ್ಲು ಎಣಿಸಿದರೆ 25 ಡಿಗ್ರಿ. ಅಲ್ಲಿ ಬಿಳಿ ಪೇಂಟ್‌ನಲ್ಲಿ ಸಣ್ಣ ಗೆರೆ ಎಳೆದೆ. ಆಮೇಲೆ ಎರಡೂ ಕಂಪ್ಯೂಟರ್‌ಗಳಲ್ಲಿ ಟೈಮಿಂಗ್ ಅನ್ನು 20 ಡಿಗ್ರಿಗೆ ಕಟ್ಟಿಹಾಕಿದೆ. ಮ್ಯಾಪ್ ಕೆಲಸ ಮಾಡುತ್ತಿದ್ದರೆ ಯಾವುದು ಸೆನ್ಸರ್ ತಪ್ಪು, ಯಾವುದು ಮ್ಯಾಪ್ ಅಂತ ಗೊತ್ತಾಗುವುದಿಲ್ಲ.

ಡಯಲ್ ಇಲ್ಲದ ಸಾದಾ ಟೈಮಿಂಗ್ ಲೈಟ್ ಬಳಸಿ. ಲೀಡಿಂಗ್ ಪ್ಲಗ್‌ಗಳಿಗೆ ವೇಸ್ಟೆಡ್ ಸ್ಪಾರ್ಕ್ (ಎರಡೂ ರೋಟರ್‌ಗಳ ಪ್ಲಗ್‌ಗೆ ಒಟ್ಟಿಗೇ ಕಿಡಿ ಕೊಡುವ ಪದ್ಧತಿ) ಇದ್ದರೆ ಒಂದು ಸುತ್ತಿಗೆ ಎರಡು ಸಲ ಕಿಡಿ ಬರುತ್ತದೆ. ಡಯಲ್ ಇರುವ ಲೈಟ್ ಅದನ್ನು ನೋಡಿ ಲೆಕ್ಕ ತಪ್ಪುತ್ತದೆ.

ವಿಮಾನದ ಬಾಲ ಕಟ್ಟಿ, ಗಾಲಿಗಳು ಉರುಳದಂತೆ ಅಡ್ಡ ಕೊಟ್ಟು, ನನ್ನ ಭಾವನನ್ನು ಒಳಗೆ ಕೂರಿಸಿದೆ. ಅವರೂ ಪೈಲಟ್. ಬ್ರೇಕ್ ಮೇಲೆ ಕಾಲು, ಕೈ ಥ್ರಾಟಲ್ ಮೇಲೆ. ನಾನು ರೆಕ್ಕೆಯ ಬುಡದ ಮುಂದೆ ಕೂತು, ಪಕ್ಕದ ಕೌಲ್ (ಎಂಜಿನ್ ಮುಚ್ಚುವ ಹೊದಿಕೆ) ತೆಗೆದ ಜಾಗದಿಂದ ಸಣ್ಣ ಕನ್ನಡಿಯಲ್ಲಿ ಚಕ್ರ ನೋಡುತ್ತಿದ್ದೆ. ಇಬ್ಬರ ಕಿವಿಗೂ ಹೆಡ್‌ಸೆಟ್.

ಎ ಮೇಲೆ 1500, 3000, 4500. ಬಿಳಿ ಗೆರೆ ಎಂಜಿನ್ ಮೇಲಿನ ಅಲುಗದ ಪಾಯಿಂಟರ್ ಎದುರು ಅಲುಗಾಡದೆ ನಿಂತಿತ್ತು. ಬಿಗೆ ಬದಲಿಸಿ 1500ರಲ್ಲಿ ಆಫ್‌ಸೆಟ್ ತಿದ್ದಿ, ಗೆರೆಯನ್ನು ಪಾಯಿಂಟರ್‌ಗೆ ತಂದೆ.

"ಭಾವ, ಈಗ ನಾಲ್ಕೂವರೆ ಸಾವಿರಕ್ಕೆ ತಗೊಳ್ಳಿ."

"ತಗೊಂಡೆ. ಏನು ಕಾಣ್ತಾ ಇದೆ?"

"ಗೆರೆ ಹಿಂದೆ ಸರೀತಾ ಇದೆ. ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ."

"ವೇಗ ಇಳಿಸಿದರೆ?"

"ವಾಪಸ್ ಬರ್ತಾ ಇದೆ."

ಗೆರೆ ಒಂದೇ ಕಡೆ ತಪ್ಪಿ ನಿಂತಿದ್ದರೆ ಅದು ಆಫ್‌ಸೆಟ್ ತಪ್ಪು. ವೇಗದ ಜೊತೆ ಸರಿದರೆ ಎಲ್ಲೋ ಹೊತ್ತು ಸೋರಿಹೋಗುತ್ತಿದೆ ಅಂತ ಅರ್ಥ. ವಿಆರ್ ಸೆನ್ಸರ್‌ನ ಎರಡು ವೈರ್ ತಿರುವುಮುರುವಾದರೂ ಹೀಗೇ ಸರಿಯುತ್ತದೆ, ಆದರೆ ಇಲ್ಲಿರುವುದು ಹಾಲ್. 6000 ಆರ್‌ಪಿಎಂನಲ್ಲಿ ಶಾಫ್ಟ್ ಒಂದು ಡಿಗ್ರಿ ತಿರುಗಲು ತಗೊಳ್ಳುವುದು ಬರೀ 28 ಮೈಕ್ರೊಸೆಕೆಂಡ್. ಅಷ್ಟು ಸಣ್ಣ ತಡವನ್ನು ಹುಡುಕಬೇಕು.

ಹಾಲ್ ಸೆನ್ಸರ್ ಸಿಗ್ನಲ್ಲನ್ನು ಕೆಳಗೆ ಎಳೆಯುವುದು ಮಾತ್ರ. ಮೇಲೆ ಎತ್ತುವುದು ಇನ್‌ಪುಟ್ ಬೋರ್ಡಿನ ಪುಲ್-ಅಪ್ ರೆಸಿಸ್ಟರ್. ಬೋರ್ಡಿನಲ್ಲಿ ಅದು 10 ಕಿಲೋಓಮ್ ಇತ್ತು. ಪಕ್ಕದಲ್ಲೇ ನಾಯ್ಸ್ ತಡೆಯಲು 10 ನ್ಯಾನೊಫ್ಯಾರಡ್ ಕೆಪಾಸಿಟರ್. ಎರಡನ್ನೂ ಗುಣಿಸಿದರೆ 100 ಮೈಕ್ರೊಸೆಕೆಂಡ್. ಸಿಗ್ನಲ್ ಅರ್ಧ ವೋಲ್ಟೇಜ್ ಮುಟ್ಟಲು ಅದರ 0.69 ಪಾಲು, ಅಂದರೆ ಸುಮಾರು 69 ಮೈಕ್ರೊಸೆಕೆಂಡ್. 1500ರಲ್ಲಿ ಅದು 0.6 ಡಿಗ್ರಿ, 4500ರಲ್ಲಿ 1.9. ವ್ಯತ್ಯಾಸ ಒಂದೂಕಾಲು ಡಿಗ್ರಿ. ಕನ್ನಡಿಯಲ್ಲಿ ಕಂಡದ್ದೂ ಅಷ್ಟೇ. ಸ್ಕೋಪ್ ಹಿಡಿದು ನೋಡಿದರೆ ಕೆಳಗಿಳಿಯುವ ಅಂಚು ಗೋಡೆಯಂತೆ ನೇರ, ಮೇಲೇರುವ ಅಂಚು ಬೆನ್ನು ಬಾಗಿದಂತೆ ಇತ್ತು. ಕಂಪ್ಯೂಟರ್ ಎಣಿಸುತ್ತಿದ್ದದ್ದು ಆ ಮೇಲೇರುವ ಅಂಚನ್ನೇ. ಒಂದೂಕಾಲು ಡಿಗ್ರಿಯಿಂದ ಎಂಜಿನ್‌ಗೆ ಏನೂ ಆಗದು. ಆದರೆ ವೇಗ ಹೆಚ್ಚಿದಂತೆ ಸಿಗ್ನಲ್ ಮೇಲೇರಲು ಸಿಗುವ ಸಮಯವೂ ಕಡಿಮೆ. ಸಾಕಷ್ಟು ಏರದಿದ್ದರೆ ಒಂದು ಹಲ್ಲು ಎಣಿಕೆಯಿಂದ ತಪ್ಪಬಹುದು. ಅದು ನಿಜವಾದ ಅಪಾಯ.

ಪರಿಹಾರ ಎರಡು. ರೆಸಿಸ್ಟರನ್ನು 1 ಕಿಲೋಓಮ್‌ಗೆ ಇಳಿಸಿದೆ. ಸೆನ್ಸರ್ 5 ಮಿಲಿಆಂಪ್ ಹೊರಬೇಕಾಗುತ್ತದೆ, ಅದಕ್ಕೆ ಅದು ಲೆಕ್ಕವಲ್ಲ. ಜೊತೆಗೆ ಸಾಫ್ಟ್‌ವೇರ್‌ನಲ್ಲಿ ಕೆಳಗಿಳಿಯುವ ಅಂಚನ್ನೇ ಎಣಿಸುವಂತೆ ಬದಲಿಸಿದೆ.

ಈ ಕೆಲಸ ಮಾಡುವವರು ಇಲ್ಲಿ ಎಚ್ಚರವಾಗಿರಬೇಕು. ಅಂಚು ಬದಲಿಸಿದ ಕೂಡಲೇ ಮೂಲ ಜಾಗವೇ ಒಂದು ಹಲ್ಲಿನ ಅಗಲದಷ್ಟು, ಅಂದರೆ 5 ಡಿಗ್ರಿ, ಮುಂದಕ್ಕೆ ಬಂದಿರುತ್ತದೆ. ಹಲ್ಲಿನ ಮೊದಲ ಅಂಚು ಮೊದಲೇ ಬರುತ್ತದಲ್ಲ. ಹಳೇ ಆಫ್‌ಸೆಟ್ ಹಾಗೇ ಬಿಟ್ಟು, ಗೆರೆ ಸರಿಯುವುದು ನಿಂತಿತಲ್ಲ ಅಂತ ಖುಷಿಪಟ್ಟು ಕೌಲ್ ಮುಚ್ಚಿದರೆ, ಬ್ಯಾಕಪ್‌ನಲ್ಲಿ ಕಿಡಿ 5 ಡಿಗ್ರಿ ಮುಂಚೆ ಬರುತ್ತದೆ. ಅಪೆಕ್ಸ್ ಸೀಲ್ ಮುರಿಯುವುದು ಆ ದಿಕ್ಕಿನಲ್ಲೇ. ಹಾಗಾಗಿ ಮತ್ತೆ ಮೊದಲಿನಿಂದ 1500, 3000, 4500. ಈಗ ಬಿ ಮೇಲೂ ಗೆರೆ ಅಲುಗಲಿಲ್ಲ. ಎಯಿಂದ ಬಿಗೆ, ಬಿಯಿಂದ ಎಗೆ ಭಾವ ಸ್ವಿಚ್ ತಳ್ಳುತ್ತಿದ್ದರೆ ಕನ್ನಡಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಲೈಟಿನ ಕ್ಲಿಪ್ ಟ್ರೇಲಿಂಗ್ ವೈರ್‌ಗೆ ಹಾಕಿ ಅದನ್ನೂ ನೋಡಿದೆ, ಎರಡರಲ್ಲೂ 10 ಡಿಗ್ರಿ ಅಂತರ.

ಆಮೇಲೆ ಬೇಕೆಂದೇ ಕೆಡಿಸುವ ಪರೀಕ್ಷೆಗಳು. 2500 ಆರ್‌ಪಿಎಂನಲ್ಲಿ ಎ ಸೆನ್ಸರ್ ಲೈನಿಗೆ ಹಾಕಿದ್ದ ತಾತ್ಕಾಲಿಕ ಸ್ವಿಚ್ ಆಫ್ ಮಾಡಿದೆವು. ಎಂಜಿನ್ ಸುಮ್ಮನಾಗತೊಡಗಿತು, ಭಾವ ಬಿಗೆ ತಳ್ಳಿದರು, ತಕ್ಷಣ ಹಿಡಿದುಕೊಂಡಿತು. ಬಿ ಯಾವಾಗಲೂ ತನ್ನ ಸೆನ್ಸರ್ ಕೇಳುತ್ತಲೇ ಇರುತ್ತದೆ, ಎಣಿಕೆ ಅದರ ಕೈಯಲ್ಲಿ ಮೊದಲೇ ಇರುತ್ತದೆ. ಅದಕ್ಕೇ ಬಿ ಸದಾ ಆನ್ ಇರಬೇಕು ಅನ್ನುವುದು ನನ್ನ ನಿಲುವು. ಬೇಕಾದಾಗ ಆನ್ ಮಾಡುವ ಬ್ಯಾಕಪ್ ಕೇಳುವುದಕ್ಕಷ್ಟೇ ಚೆನ್ನ.

ರೇಡಿಯೊ ಪರೀಕ್ಷೆಯನ್ನು ಬಿಡಬೇಡಿ. ವಿಮಾನದ ರೇಡಿಯೊ 118ರಿಂದ 137 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ, ಅದರ ಶಕ್ತಿ ಎಲ್ಲ ವೈರ್‌ಗೂ ತಟ್ಟುತ್ತದೆ. ಬಿ ಮೇಲೆ ಎಂಜಿನ್ ಓಡಿಸುತ್ತಾ ಮೇಲಿನ, ನಡುವಿನ, ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಮೈಕ್ ಒತ್ತಿ, ಸ್ಟ್ರೋಬ್ ಲೈಟ್ ಹಾಕಿ, ಫ್ಯುಯೆಲ್ ಪಂಪ್ ಬದಲಿಸಿ ನೋಡಿದೆವು. ಎಣಿಕೆ ಎಷ್ಟು ಸಲ ತಪ್ಪಿತು ಅಂತ ಹೇಳುವ ಲೆಕ್ಕ ಕಂಪ್ಯೂಟರ್‌ನಲ್ಲೇ ಇದೆ. ಅದು ಸೊನ್ನೆಯಲ್ಲೇ ನಿಂತಿತು.

ನಮ್ಮೂರ ಕಡೆಯೂ ಈ ಎಂಜಿನ್‌ನ ಒಂದು ನಂಟಿದೆ. 2009ರ ಏಪ್ರಿಲ್‌ನಲ್ಲಿ ಕೋಲಾರದ ಹತ್ತಿರದ ಹಳ್ಳಿಯೊಂದರಿಂದ ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನ, ದೇಶದಲ್ಲೇ ಮಾಡಿದ 55 ಅಶ್ವಶಕ್ತಿಯ ವ್ಯಾಂಕೆಲ್, ಅಂದರೆ ರೋಟರಿ, ಎಂಜಿನ್ ಹೊತ್ತು ಹಾರಿತು. ಎಂಜಿನ್‌ನ ಮೂಲ ಭಾಗ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನದು. ಇಗ್ನಿಷನ್ ಮತ್ತು ಇಂಧನದ ವ್ಯವಸ್ಥೆ ಅಹ್ಮದ್‌ನಗರದ ರಕ್ಷಣಾ ಪ್ರಯೋಗಾಲಯ ವಿಆರ್‌ಡಿಇಯದು. ಹಾರಾಟದ ಹೊಣೆ ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಡಿಇಯದು. ಕಿಡಿಯ ಕೆಲಸಕ್ಕೇ ಒಂದು ಬೇರೆ ಸಂಸ್ಥೆ ನಿಂತಿತ್ತು ಅನ್ನುವುದು, ಈಗ ಈ ಕೆಲಸ ಮಾಡಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಾರುವ ಮುಂಚಿನ ಚೆಕ್‌ಲಿಸ್ಟ್ ಕೂಡ ಬದಲಿಸಿದೆ. ಸುಮ್ಮನೆ ಕೂತ ಬ್ಯಾಕಪ್ ಕೆಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಈಗ ಸ್ಟಾರ್ಟ್ ಮಾಡುವುದು ಬಿ ಮೇಲೆ. ಟ್ಯಾಕ್ಸಿ ಮಾಡುವುದೂ ಬಿ ಮೇಲೆ. ರನ್-ಅಪ್ (ಟೇಕಾಫ್‌ಗೆ ಮುಂಚೆ ನಿಂತಲ್ಲೇ ಎಂಜಿನ್ ಓಡಿಸಿ ನೋಡುವುದು) ಹೊತ್ತಿಗೆ ಎಗೆ ಬದಲಿಸುತ್ತೇನೆ. ಆಗ ಆರ್‌ಪಿಎಂ ಇಳಿಯಬಾರದು, ಎರಡೂ ರೋಟರ್‌ಗಳ ಎಕ್ಸಾಸ್ಟ್ ಬಿಸಿ ಇದ್ದಲ್ಲೇ ಇರಬೇಕು. ಬಿಸಿ ಏರಿದರೆ ಟೈಮಿಂಗ್ ಹಿಂದೆ ಹೋಗಿದೆ, ಇಳಿದರೆ ಮುಂದೆ ಬಂದಿದೆ. ಆರ್‌ಪಿಎಂ ಸೂಜಿಗಿಂತ ಈ ಗೇಜ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಉಳಿದಿರುವುದು ಬಿಸಿಲಿನ ಪರೀಕ್ಷೆ. ಎಂಜಿನ್ ನಿಲ್ಲಿಸಿದ ಮೇಲೆ ಕೌಲ್ ಒಳಗಿನ ಬಿಸಿ ಇಳಿಯುವ ಮೊದಲು ಏರುತ್ತದೆ, ಯಾಕೆಂದರೆ ಒಳಗೆ ಗಾಳಿ ಹರಿಯುತ್ತಿರುವುದಿಲ್ಲ. ಹಾಲ್ ಸೆನ್ಸರ್‌ಗೆ ಕಷ್ಟದ ಹೊತ್ತು ಅದೇ. ಬೆಂಚ್ ಮೇಲೆ ಹೀಟ್ ಗನ್ ಹಿಡಿದು ನೋಡಿದ್ದೇನೆ, ತಯಾರಕರು ಹೇಳುವ 150 ಡಿಗ್ರಿ ಸೆಲ್ಸಿಯಸ್‌ವರೆಗೂ ಸಿಗ್ನಲ್ ಕೆಡಲಿಲ್ಲ. ಆದರೂ ಸೆನ್ಸರ್ ಬದಿಗೆ ಒಂದು ಬಿಸಿ ಅಳೆಯುವ ಪ್ರೋಬ್ ಅಂಟಿಸಿದ್ದೇನೆ. ಆಗಸ್ಟ್‌ನ ಮಧ್ಯಾಹ್ನ ಹಾರಿ ಬಂದು, ನಿಲ್ಲಿಸಿ, ಕೌಲ್ ಮುಚ್ಚಿಯೇ ಬಿಟ್ಟು, ಬಿಸಿ ತುತ್ತತುದಿ ಮುಟ್ಟಿದಾಗ ಬಿ ಮೇಲೆ ಮತ್ತೆ ಸ್ಟಾರ್ಟ್ ಮಾಡಬೇಕು. ಪ್ರೋಬ್ 120 ದಾಟಿದರೆ ಸೆನ್ಸರ್ ಕಡೆಗೆ ತಂಪು ಗಾಳಿಯ ಪೈಪ್ ಒಂದನ್ನು ಎಳೆಯುತ್ತೇನೆ. ಅದಕ್ಕೆ ಬೇಕಾದ ತೂತನ್ನು ಬ್ಯಾಫಲ್‌ನಲ್ಲಿ (ಕೌಲ್ ಒಳಗೆ ಗಾಳಿಗೆ ದಾರಿ ತೋರುವ ತಗಡಿನಲ್ಲಿ) ಗುರುತು ಹಾಕಿ ಇಟ್ಟಿದ್ದೇನೆ, ಇನ್ನೂ ಕೊರೆದಿಲ್ಲ.